ದಿನಚರಿ ಸಾಮ್ರಾಟರಿಗೆ ಒಂದು ಬಿನ್ನವತ್ತಳೆ

ಸಭಾಧ್ಯಕ್ಷರಾದ ಪೂಜ್ಯ ಅಜ್ಜನವರೆ, ಮುಖ್ಯ ಅತಿಥಿಗಳಾಗಿದ್ದರೂ ಒಲೆಯ ಮೇಲೆ ಎಣ್ಣೆ ಇಟ್ಟ ಕಾರಣ ವೇದಿಕೆಯಲ್ಲಿ ನಿಲ್ಲಲಾರದ ಅಜ್ಜಿಯವರೆ, ಔಪಚಾರಿಕವಾಗಿ ದೀಪ ಬೆಳಗಿಸಬೇಕಿದ್ದು ಕರೆಂಟು ಹೋದದ್ದರಿಂದ ನಿಜವಾಗಿಯೇ ದೀಪ ಹಚ್ಚಬೇಕಾಗಿ ಬಂದ ನನ್ನ ತಮ್ಮನವರೆ, ಸನ್ಮಾನಿತರ ಮಾತೃಶ್ರೀಯವರೆ, ಸನ್ಮಾನ ತನಗೇಕಿಲ್ಲ ಎಂದು ಮುಖ ಊದಿಸಿಕೊಂಡಿರುವ ಪುಟ್ಟ ತಂಗಿಯೆ, ಮತ್ತು ಜಗಲಿಯ ಕಂಬಕ್ಕೆ ಒರಗಿ ಉಗುರು ಕಚ್ಚುತ್ತಿರುವ, ನಾಳೆ ಬೆಳಗ್ಗೆ ಒಂಬತ್ತನೇ ತರಗತಿಗೆ ಪಾದಾರ್ಪಣೆ ಮಾಡಲಿರುವ ಮಾನ್ಯ ಮಾಣಿಯವರೆ,

ಇವತ್ತು ಮೇ 28. ಏಪ್ರಿಲ್ 11ಕ್ಕೆ ತೊಡಗಿದ ಬೇಸಿಗೆ ರಜೆಗೆ ಇಂದಿಗೆ ಸರಿಯಾಗಿ 48 ದಿನ. 48 ದಿನವೆಂದರೆ ಒಂದು ಮಂಡಲ. ನಮ್ಮ ಪುತ್ತೂರು ಸೀಮೆಯಲ್ಲಿ ಮಂಡಲಕಾಲ ಒಂದೇ ವ್ರತ ಹಿಡಿದು ಕೂತವರಿಗೆ ಸನ್ಮಾನ ಮಾಡದೆ ಬಿಡುವ ಕ್ರಮವಿಲ್ಲ. ಮಾಣಿಯವರು ಹಿಡಿದ ವ್ರತ ಏನೂ ಮಾಡದಿರುವುದು, ಅಷ್ಟೇ. ಅಲ್ಲದೆ ಈ ಬೇಸಿಗೆಯಲ್ಲಿ ಎಷ್ಟು ಬ್ರಹ್ಮಕಲಶ, ಎಷ್ಟು ಭಜನಾ ಮಂಗಲೋತ್ಸವ, ಎಷ್ಟು ಹಳೆ ವಿದ್ಯಾರ್ಥಿ ಸಮಾವೇಶ! ಚಪ್ಪರ ಹಾಕಿದವರಿಗೆ ಶಾಲು, ಚಪ್ಪರ ಬಿಚ್ಚಿದವರಿಗೆ ಶಾಲು. ಊರಲ್ಲಿ ಶಾಲು ಕಾಣದೆ ಉಳಿದವರು ಮಾಣಿ ಮತ್ತು ನಮ್ಮ ನಾಯಿ ಇಬ್ಬರೇ. ಈ ಅನ್ಯಾಯವನ್ನು ಅರ್ಧದಷ್ಟಾದರೂ ಸರಿಪಡಿಸುವುದು ಇಂದಿನ ಸಭೆಯ ಉದ್ದೇಶ.

ಮೈಸೂರು ಪೇಟ ಸಿಕ್ಕಲಿಲ್ಲ. ಆದ್ದರಿಂದ ಅಡಿಕೆ ಹಾಳೆಯ ಮುಟ್ಟಾಳೆ ತೊಡಿಸುತ್ತಿದ್ದೇವೆ. ಜರಿ ಶಾಲಿನ ಬದಲು ಬೈರಾಸು. ಅದು ಮಾಣಿಯವರ ಸ್ವಂತದ್ದೇ, ತೋಡಿನ ದಂಡೆಯಲ್ಲಿ ಒಂದು ವಾರ ಬಿದ್ದಿದ್ದು ನಿನ್ನೆ ಪತ್ತೆಯಾಯಿತು. ಫಲಪುಷ್ಪದ ಪೈಕಿ ಫಲ ಮಾತ್ರ ಇದೆ: ಕಾಟುಮಾವಿನ ಹಣ್ಣು, ರಾತ್ರಿಯ ಗಾಳಿಗೆ ಬಿದ್ದದ್ದನ್ನು ಬೆಳಗ್ಗೆ ಸನ್ಮಾನಿತರೇ ಹೆಕ್ಕಿ ತಂದದ್ದು. ತಾನೇ ಹೆಕ್ಕಿದ ಹಣ್ಣಿನಿಂದ ತನಗೇ ಸನ್ಮಾನ ಎಂದು ಅವರು ಆಕ್ಷೇಪಿಸಿದ್ದಾರೆ. ಮಾಣಿ, ದೊಡ್ಡ ದೊಡ್ಡ ಸನ್ಮಾನಗಳೆಲ್ಲ ನಡೆಯುವುದು ಹೀಗೆಯೇ, ಸುಮ್ಮನೆ ಕೂತುಕೋ.

ಈಗ ಸನ್ಮಾನಿತರ ಪರಿಚಯ. ಏಪ್ರಿಲ್ ತಿಂಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಒಂಬತ್ತು ಗಂಟೆಗೆ ಏಳುತ್ತಿದ್ದರು, ಹತ್ತಕ್ಕೆ ದೋಸೆ ತಿನ್ನುತ್ತಿದ್ದರು, ಹನ್ನೊಂದಕ್ಕೆ ‘ಬೋರಾಗ್ತದೆ’ ಎನ್ನುತ್ತಿದ್ದರು. ಮಧ್ಯಾಹ್ನ ಗದ್ದೆಯಲ್ಲಿ ಕ್ರಿಕೆಟ್, ಸಂಜೆ ತೋಡಿನ ಗುಂಡಿಯಲ್ಲಿ ಮುಳುಗಾಟ, ರಾತ್ರಿ ಅಪ್ಪನ ಮೊಬೈಲು. ಇಂಥ ಏಕತಾನದಿಂದ ಮಹಾಪುರುಷರ ಚರಿತ್ರೆ ಬರೆಯಲಾಗುವುದಿಲ್ಲ. ಚರಿತ್ರೆ ಶುರುವಾಗುವುದು ಮೇ ತಿಂಗಳ ಕೊನೆಯ ವಾರದಲ್ಲಿ, ಪತ್ತನಾಜೆಯ ಆಸುಪಾಸು. ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳೂ ನಿಲ್ಲುತ್ತವೆ. ಊರಿಗೆ ಊರೇ ಗೆಜ್ಜೆ ಬಿಚ್ಚಿದ ಆ ಹೊತ್ತಿನಲ್ಲಿ ಮಾಣಿಯವರು ಗೆಜ್ಜೆ ಕಟ್ಟಿದರು.

ಶಾಲೆಯಿಂದ ಆಜ್ಞೆಯಾಗಿತ್ತು: ರಜೆಯ ಪ್ರತಿದಿನವೂ ಒಂದು ಪುಟ ದಿನಚರಿ. ಆ ಪುಸ್ತಕ ಪತ್ತನಾಜೆಯ ಮುನ್ನಾದಿನದವರೆಗೆ ಎಲ್ಲಿತ್ತೆಂದು ಯಾರಿಗೂ ತಿಳಿದಿರಲಿಲ್ಲ. ಕೊನೆಗೆ ಅಟ್ಟದಲ್ಲಿ ಗೇರುಬೀಜದ ಗೋಣಿಯ ಹಿಂದೆ ಸಿಕ್ಕಿತು. ಮೊದಲ ಪುಟದಲ್ಲಿ ಹೆಸರು, ತರಗತಿ ಮತ್ತು ‘ಶ್ರೀ’. ಅಲ್ಲಿಂದ ಮೂರೇ ದಿನದಲ್ಲಿ ಮಾಣಿಯವರು ಒಂದೂವರೆ ತಿಂಗಳನ್ನು ಬದುಕಿ ಮುಗಿಸಿದ ಬಗೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದು ಕಳ್ಳತನ ಎನ್ನುವವರಿಗೆ ಸಂಶೋಧನೆಯ ಗಂಧ ಗೊತ್ತಿಲ್ಲ.

ಮೊದಲಿಗೆ ಹವಾಮಾನ. ಅಜ್ಜನಿಗೆ ಮಳೆ ಅಳೆಯುವ ಚಟ ಇರುವುದು ನಿಮಗೆಲ್ಲ ಗೊತ್ತು. ಅಂಗಳದ ಮೂಲೆಯಲ್ಲಿ ಮಾಪಕ ಇಟ್ಟು, ಪಂಚಾಂಗದ ಅಂಚಿನಲ್ಲಿ ಇಂತಿಷ್ಟು ಮಿಲಿಮೀಟರ್ ಎಂದು ಬರೆದಿಡುತ್ತಾರೆ. ಮಾಣಿ ಪಂಚಾಂಗವನ್ನು ಎದುರಿಗಿಟ್ಟುಕೊಂಡು, ಅಶ್ವಿನಿಯಿಂದ ಕೃತ್ತಿಕೆಯವರೆಗೆ ಮಳೆ ಬಂದ ದಿನಗಳನ್ನೆಲ್ಲ ಗುರುತು ಮಾಡಿಕೊಂಡರು. ಅದನ್ನು ಕಂಡು ಅಜ್ಜನಿಗೆ ಕಣ್ಣು ತುಂಬಿ ಬಂತು, ಮೊಮ್ಮಗನಿಗೆ ಕೃಷಿಯಲ್ಲಿ ಆಸಕ್ತಿ ಹುಟ್ಟಿತೆಂದು. ಅಧ್ಯಕ್ಷರೆ, ಸತ್ಯ ತಿಳಿದ ಮೇಲೂ ನೀವು ಆ ಪಂಚಾಂಗವನ್ನು ಬಚ್ಚಿಡಲಿಲ್ಲ. ಅದು ನಿಮ್ಮ ದೊಡ್ಡತನ.

ಎರಡನೆಯದು ಶಾಯಿ. ಒಂದೇ ಪೆನ್ನಿನಲ್ಲಿ ಬರೆದರೆ ಸಿಕ್ಕಿಬೀಳುತ್ತಾರೆಂಬ ಜ್ಞಾನ ಅವರಿಗೆ ಹೇಗೆ ಬಂತೋ ತಿಳಿಯದು. ನೀಲಿ, ಕಪ್ಪು, ಇನ್ನೇನು ಮುಗಿಯಲಿರುವ ಒಂದು ನೀಲಿ. ನಡುವೆ ಒಂದು ಪುಟಕ್ಕೆ ಹಪ್ಪಳದ ಎಣ್ಣೆ, ಇನ್ನೊಂದಕ್ಕೆ ಮಾವಿನ ಸೊನೆಯ ಕಲೆ. ಶಾಸನತಜ್ಞರು ಕೂಡ ಈ ಪುಟಗಳ ಕಾಲವನ್ನು ಏಪ್ರಿಲ್ ಎಂದೇ ನಿರ್ಣಯಿಸುತ್ತಾರೆ.

ಇನ್ನು ವಸ್ತು. ಅಲ್ಲಿ ಮಾಣಿಯವರ ಪ್ರತಿಭೆ ಅರ್ಥಧಾರಿಯದು. ತಾಳಮದ್ದಳೆಯ ಪ್ರಸಂಗ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ, ಮಾತೆಲ್ಲ ಅರ್ಥಧಾರಿ ಆಗಲೇ ಹುಟ್ಟಿಸಬೇಕಾದದ್ದು. ಮಂಗಳೂರಿನ ಪಿಲಿಕುಳಕ್ಕೆ ಹೋಗಿ ಬಂದದ್ದು ಒಂದು ಸಲ. ದಿನಚರಿಯಲ್ಲಿ ಹುಲಿ ನೋಡಿದ್ದು ಒಂದು ದಿನ, ತಾರಾಲಯ ನೋಡಿದ್ದು ಇನ್ನೊಂದು ದಿನ, ‘ಮೊನ್ನೆ ನೋಡಿದ ಹುಲಿಯ ನೆನಪಾಯಿತು’ ಎಂದು ಮಗದೊಂದು ದಿನ. ಪುತ್ತೂರಿನ ಬಾಲವನಕ್ಕೆ ನಾನೇ ಕರೆದುಕೊಂಡು ಹೋಗಿದ್ದೆ. ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಬರೆದ ಶಿವರಾಮ ಕಾರಂತರು ಇದ್ದ ಜಾಗ ಎಂದು ಅರ್ಧ ಗಂಟೆ ವಿವರಿಸಿದೆ. ದಿನಚರಿಯಲ್ಲಿ ಆ ಬಗ್ಗೆ ಇರುವುದು: ‘ಬರುವಾಗ ಐಸ್‌ಕ್ರೀಂ ತಿಂದೆವು.’ ಇಡೀ ಗ್ರಂಥದಲ್ಲಿ ಇದೊಂದೇ ವಾಕ್ಯ ಸಂಪೂರ್ಣ ಸತ್ಯ.

ಉಳಿದಂತೆ ಪ್ರತಿ ಪುಟವೂ ‘ಬೆಳಗ್ಗೆ ಬೇಗ ಎದ್ದೆ’ ಎಂದೇ ಆರಂಭ. ‘ಅಜ್ಜಿಗೆ ಸಹಾಯ ಮಾಡಿದೆ’ ಎಂಬ ವಾಕ್ಯ ಎಷ್ಟು ಸಲ ಬರುತ್ತದೆಂದರೆ, ಓದಿದ ಅಜ್ಜಿ ‘ಇಷ್ಟೆಲ್ಲ ಮಾಡಿದ್ದು ಯಾವ ಅಜ್ಜಿಗೆ?’ ಎಂದು ಕೇಳಿದರು. ಮೊಬೈಲ್ ಎಂಬ ವಸ್ತು ಈ ಕೃತಿಯಲ್ಲಿ ಇನ್ನೂ ಆವಿಷ್ಕಾರವಾಗಿಲ್ಲ. ಒಂದೇ ಆತಂಕ: ನೆರೆಮನೆಯ ಹುಡುಗಿಯೂ ಅದೇ ತರಗತಿ, ಅವಳ ದಿನಚರಿಯ ಪ್ರಕಾರ ಮೇ ಮೊದಲ ವಾರ ಈ ಊರಿನಲ್ಲಿ ರಣಬಿಸಿಲು, ಮಾಣಿಯದರಲ್ಲಿ ಗುಡುಗು ಸಹಿತ ಮಳೆ. ಅವಳು ಅಂದಂದೇ ಬರೆದವಳು. ಆದರೆ ಪಂಚಾಂಗದ ಆಧಾರ ಇರುವುದು ನಮ್ಮ ಕಡೆಗೆ, ಹಾಗಾಗಿ ಅವಳೇ ತನ್ನದನ್ನು ತಿದ್ದಿಕೊಳ್ಳಲು ಬಂದಿದ್ದಳೆಂದು ಕೇಳಿದೆ.

ಕೊನೆಗಳಿಗೆಯಲ್ಲಿ ಕೆಲಸ ಮಾಡುವವನು ಎಂದು ಮಾಣಿಯನ್ನು ದೂರಿದ ಧ್ವನಿ ಅಡುಗೆಮನೆಯ ಕಡೆಯಿಂದ ಕೇಳಿಬಂತು. ಮಾನ್ಯರೆ, ಸ್ವಲ್ಪ ಹೊರಗೆ ನೋಡಿ. ಚಾಲಿ ಅಡಿಕೆಗೆ ನಲವತ್ತು ಚಿಲ್ಲರೆ ದಿನದ ಬಿಸಿಲು ಸಾಕು. ಆದರೂ ಅಡಿಕೆ ಅಂಗಳದಿಂದ ಒಳಗೆ ಬಂದದ್ದು ಮೊನ್ನೆ ರಾತ್ರಿ, ಮಳೆ ಹನಿ ಬಿದ್ದ ಮೇಲೆ, ಟಾರ್ಚು ಹಿಡಿದು, ಪರಸ್ಪರ ಬೈದುಕೊಂಡು. ಹೆಂಚು ಸರಿಮಾಡುವವರನ್ನು ಕರೆದದ್ದು ನೀರು ಸೋರಿದ ಮರುದಿನ. ತೋಟದ ಕಣಿ ಬಿಡಿಸಿದ್ದು ಮೊನ್ನೆ. ಕೊಳೆರೋಗಕ್ಕೆ ಬೋರ್ಡೊ ಹೊಡೆಯಲು ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ ಬೇಕೆಂದು ನನ್ನ ತಮ್ಮನಿಗೆ ನಿದ್ದೆಯಲ್ಲೂ ಗೊತ್ತು; ಆದರೆ ಮೈಲುತುತ್ತು ಈಗಲೂ ಅಂಗಡಿಯಲ್ಲೇ ಇದೆ. ರಸ್ತೆ ಬದಿಯ ಚರಂಡಿ ತೆಗೆಯಲು ಜನ ಬಂದದ್ದು ಇವತ್ತು. ಇಡೀ ವರ್ಷದ ಹಣವನ್ನು ಮಾರ್ಚ್ 31ರೊಳಗೆ ಮುಗಿಸಲು ಓಡಾಡುವ ಕಚೇರಿಗಳ ಕತೆ ಬೇಡ. ಮಾಣಿ ಈ ಪರಂಪರೆಯ ಯೋಗ್ಯ ವಾರಸುದಾರ. ಅವನನ್ನು ಬೈಯುವ ಮೊದಲು ನಾವು ಮುಟ್ಟಾಳೆ ತೆಗೆದು ಅವನಿಗೆ ನಮಸ್ಕರಿಸಬೇಕು.

ಸನ್ಮಾನಿತರ ಸಮಾಜಸೇವೆಯನ್ನೂ ಮರೆಯುವಂತಿಲ್ಲ. ಬಕ್ಕೆ ಹಲಸಿನ ಸೊಳೆ ಬೇಯಿಸಿ, ಕಡೆದು, ಉಂಡೆ ಕಟ್ಟಿ, ಒತ್ತಿ, ಚಾಪೆಯ ಮೇಲೆ ಹರಡಿದ ಹಪ್ಪಳಗಳಿಗೆ ಕಾಗೆ ಕಾಯುವ ಜವಾಬ್ದಾರಿ ಅವರದಾಗಿತ್ತು. ಒಂದೂ ಕಾಗೆ ಹತ್ತಿರ ಸುಳಿಯಲಿಲ್ಲ, ಅದು ದಾಖಲೆ. ಉಂಡೆಗಳ ಲೆಕ್ಕಕ್ಕೂ ಹಪ್ಪಳಗಳ ಲೆಕ್ಕಕ್ಕೂ ತಾಳೆಯಾಗಲಿಲ್ಲ, ಅದೂ ದಾಖಲೆ. ಹಸಿ ಹಿಟ್ಟು ತಿಂದರೆ ಹೊಟ್ಟೆನೋವು ಬರುತ್ತದೆಂದು ಅಜ್ಜಿ ಹೇಳಿದ್ದು ನಿಜವಾಗಿ, ಆ ದಿನದ ಪುಟದಲ್ಲಿ ‘ವಿಶ್ರಾಂತಿ ಪಡೆದೆ’ ಎಂದಿದೆ.

ನಾಳಿನ ಸಿದ್ಧತೆಯ ವರದಿ ಹೀಗಿದೆ. ಕ್ಷೌರ ಭಾನುವಾರ ಆಗಿದೆ. ಸೆಲೂನಿನಲ್ಲಿ ಊರಿನ ಅಷ್ಟೂ ಹುಡುಗರು ಸಾಲಾಗಿ ಕೂತಿದ್ದರಿಂದ ಅದು ಶಾಲೆಯ ಮೊದಲ ಅಸೆಂಬ್ಲಿಯೂ ಆಯಿತು. ಕಪ್ಪು ಶೂ ಒಳಗೆ ಜೇಡ ಸಂಸಾರ ಹೂಡಿತ್ತು, ಅದನ್ನು ಎಬ್ಬಿಸಿದ ಮೇಲೆ ತಿಳಿದದ್ದು ಕಾಲು ಎರಡು ಬೆರಳು ಬೆಳೆದಿದೆ ಎಂದು. ಕಂಪಾಸು ಪೆಟ್ಟಿಗೆಯಲ್ಲಿ ಕೈವಾರ ಇಲ್ಲ, ಅದು ಗೇರುಬೀಜ ಸುಡುವಾಗ ಬೆಂಕಿಗೆ ಆಹುತಿ. ಪಾಠಪುಸ್ತಕ ಇನ್ನೂ ಕೈಗೆ ಬಂದಿಲ್ಲದಿದ್ದರೂ ಹೋದ ವರ್ಷದ ಕ್ಯಾಲೆಂಡರ್ ಹಾಳೆಗಳಲ್ಲಿ ಬೈಂಡ್ ಹಾಕಲು ಅಳತೆ ಕತ್ತರಿಸಿ ಆಗಿದೆ. ಒಂಬತ್ತನೇ ತರಗತಿಯ ಚೀಲ ನಾಲ್ಕರಿಂದ ಐದು ಕೆ.ಜಿ. ಮೀರಬಾರದೆಂದು ಸರ್ಕಾರ 2019ರಲ್ಲೇ ಆದೇಶ ಹೊರಡಿಸಿದೆ. ಮಾಣಿಯವರು ತಕ್ಕಡಿ ತಂದು, ಬುತ್ತಿ, ಕೊಡೆ, ನೀರಿನ ಬಾಟಲಿಗೇ ಮೂರು ಕೆ.ಜಿ. ಆಗುತ್ತದೆಂದೂ ಇನ್ನು ಪುಸ್ತಕಕ್ಕೆ ಜಾಗ ಕಡಿಮೆಯೆಂದೂ ಸಾಬೀತುಪಡಿಸಿದ್ದಾರೆ. ಬಸ್ ಪಾಸಿಗೆ ಇವರು ಅರ್ಜಿ ಹಾಕಿ ಕಾಯಬೇಕು, ಶಕ್ತಿ ಯೋಜನೆಯಲ್ಲಿ ತಂಗಿ ಆಧಾರ್ ತೋರಿಸಿ ಹತ್ತಿಬಿಡುತ್ತಾಳೆ. ಮುಖ ಊದಿಸಿಕೊಂಡಿದ್ದವಳು ಈಗ ನಗುತ್ತಿದ್ದಾಳೆ, ಸಭೆ ಗಮನಿಸಬೇಕು.

ಕೊನೆಯದಾಗಿ ಒಂದು ಸೂಕ್ಷ್ಮ ವಿಷಯ. ಜಿಲ್ಲೆಯ ಮಕ್ಕಳು ದೇವರ ನಂತರ ನಂಬಿರುವುದು ಜಿಲ್ಲಾಧಿಕಾರಿಯನ್ನು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆ ಇದು. ರಾತ್ರಿ ಎಂಟಕ್ಕೆ ‘ನಾಳೆ ರಜೆ’ ಎಂಬ ಒಂದು ಸಾಲು ಬಂದರೆ ಮನೆಮನೆಯಲ್ಲೂ ಆನಂದತಾಂಡವ, ಆಮೇಲೆ ಆ ರಜೆ ಶನಿವಾರ ಮಧ್ಯಾಹ್ನದ ಪಾಠವಾಗಿ ಬಡ್ಡಿ ಸಮೇತ ವಸೂಲಾಗುವುದು ಬೇರೆ ಮಾತು. ಬೀಜಗಣಿತದ ಸೂತ್ರ ಕೇಳಿದರೆ ಚಾವಡಿಯ ಮಾಡು ನೋಡುವ ಮಾಣಿಗೆ, 24 ಗಂಟೆಯಲ್ಲಿ 204.4 ಮಿಲಿಮೀಟರ್ ದಾಟಿದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಅತ್ಯಂತ ಭಾರಿ ಮಳೆ ಎಂಬುದು ದಶಮಾಂಶ ಸಮೇತ ಬಾಯಿಪಾಠ. ಇವತ್ತು ಮಧ್ಯಾಹ್ನ ಅವರು ಮೊಬೈಲಿನಲ್ಲಿ ನಾಳೆಯ ರಜೆಯ ಆದೇಶವೊಂದನ್ನು ಎಲ್ಲರಿಗೂ ತೋರಿಸಿದರು. ಮೊಹರು ಇದೆ, ಸಹಿ ಇದೆ. ಆದರೆ ಮಾಣಿ, ಆ ಸಹಿಯವರಿಗೆ ವರ್ಗವಾಗಿ ಬಹಳ ಕಾಲವಾಯಿತು. ತಾರೀಕಿನ ಜಾಗದಲ್ಲಿ ಬಿಳಿ ಪಟ್ಟಿಯೂ ಕಾಣುತ್ತದೆ. ದಿನಚರಿಯಲ್ಲಿ ತೋರಿಸಿದ ಕುಸುರಿ ಇಲ್ಲಿ ಕಾಣದಿದ್ದುದರಿಂದ ಇದು ನಿನ್ನ ಕೃತಿಯಲ್ಲ ಎಂದು ನಾನು ಈ ಸಭೆಯಲ್ಲಿ ಧೈರ್ಯವಾಗಿ ಹೇಳಬಲ್ಲೆ.

ಇನ್ನೂ ಹೇಳಬೇಕಾದದ್ದಿತ್ತು. ಇಂದಿನ ಮಕ್ಕಳೇ ನಾಳಿನ ಪ್ರಜೆಗಳು ಎಂಬ ಭಾಗವನ್ನು ನಾನು ಪ್ರತಿ ವರ್ಷ ಶಾಲಾ ವಾರ್ಷಿಕೋತ್ಸವದಲ್ಲಿ ಮುಕ್ಕಾಲು ಗಂಟೆ ಹೇಳುವುದುಂಟು. ಆದರೆ ಈಗಷ್ಟೇ ತಂಗಿ ದಿನಚರಿಯನ್ನು ನನ್ನ ಕೈಗಿತ್ತಳು. ಮೇ 28ರ ಪುಟ, ಅಂದರೆ ಇವತ್ತಿನದು, ಮೊನ್ನೆಯೇ ಬರೆದಾಗಿದೆ: ‘ಸಂಜೆ ದೊಡ್ಡಪ್ಪ ಭಾಷಣ ಮಾಡಿದರು. ಚಿಕ್ಕದಾಗಿ ಚೊಕ್ಕದಾಗಿತ್ತು. ನಂತರ ಎಲ್ಲರೂ ಬಿಸಿ ಹಪ್ಪಳ ತಿಂದೆವು.’ ಹಪ್ಪಳ ಬರುತ್ತಿದೆ. ಗ್ರಂಥದಲ್ಲಿ ಎರಡನೆಯ ಸತ್ಯ ವಾಕ್ಯವೊಂದು ಇರಲಿ ಎಂಬ ಆಸೆಯಿಂದ ನಾನು ಕೂರುತ್ತೇನೆ.