ಕಿಂಡಿ ಮೀಮಾಂಸೆ

ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಊಹಿಸುವುದನ್ನು ನಮ್ಮ ತಾರ್ಕಿಕರು ಶತಮಾನಗಳಿಂದ ಕಲಿಸುತ್ತ ಬಂದಿದ್ದಾರೆ. ಬಚ್ಚಲಲ್ಲಿ ಬೆಂಕಿ ಕಂಡರೆ ಹೊಗೆ ಎಲ್ಲಿ ಹೋಯಿತೆಂದು ಕೇಳುವುದನ್ನು ಮಾತ್ರ ಕಲಿಸಲಿಲ್ಲ. ಶಾಸ್ತ್ರದ ಈ ಕಿಂಡಿಯನ್ನು ಮುಚ್ಚುವುದೇ, ಅಲ್ಲ, ತೆರೆಯುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಹುಲಗೂರು ಸೀಮೆಯ ಹಳೆಯ ಬಚ್ಚಲಲ್ಲಿ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಹಂಡೆಯ ಕೆಳಗೆ ಹತ್ತಿಕಟ್ಟಿಗೆ, ಗೋವಿನಜೋಳದ ಬೆಂಡು ತುರುಕಿದರೆ ಕಣ್ಣುರಿಯೇ ದಾರಿ ತೋರಿಸುತ್ತಿತ್ತು. ಹಂಚಿನ ಸಂದು, ಮುರುಕು ಬಾಗಿಲು ಎಲ್ಲವೂ ಹೊಗೆಯ ಸೇವೆಗಿದ್ದವು. ಈಗ ಆರ್‌ಸಿಸಿ ಬಚ್ಚಲಿಗೆ ಗ್ಯಾಸ್ ಗೀಸರ್ ಬಂದಿದೆ. ಅದರದು ನೀಲಿ ಉರಿ, ಹೊಗೆಯಿಲ್ಲ, ವಾಸನೆಯಿಲ್ಲ. ಆದ್ದರಿಂದ ಅಪಾಯವೂ ಇಲ್ಲ ಎಂಬುದು ಪೂರ್ವಪಕ್ಷ. ಇದು ಶುದ್ಧ ಹೇತ್ವಾಭಾಸ. ಸಿಲಿಂಡರಿನ ಗ್ಯಾಸ್ ನಾರುವುದು ಅದಕ್ಕೆ ಬೇಕೆಂದೇ ಬೆರೆಸಿದ ಮರ್ಕ್ಯಾಪ್ಟನ್‌ನಿಂದ. ಗ್ಯಾಸ್ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಅಂಥ ಉಪಕಾರ ಮಾಡುವವರಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟು ಬಿಗಿಯಾಗಿ ಅದು ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ.

ಮೇಲೊಂದು ಕಿಂಡಿ ಇದೆಯಲ್ಲ, ಸಾಲದೇ? ಸಾಲದು. ಒಂದು ಕಿಲೋ ಗ್ಯಾಸ್ ಪೂರ್ತಿ ಉರಿಯಲು ಸುಮಾರು 15 ಕಿಲೋ ಗಾಳಿ, ಅಂದರೆ 12 ಘನಮೀಟರಿನಷ್ಟು ಬೇಕು. 4 ಅಡಿ ಅಗಲ, 5 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲಲ್ಲಿರುವುದು ನಾಲ್ಕೂವರೆ ಮಾತ್ರ. ಅದರಲ್ಲಿ ಸ್ನಾನಕ್ಕೆ ಕೂತವರ ಮೂಗಿನ ಪಾಲೂ ಸೇರಿದೆ. ಬಿಸಿಗಾಳಿ ಮೇಲಿನಿಂದ ಹೋಗಬೇಕಾದರೆ ತಂಪುಗಾಳಿ ಕೆಳಗಿನಿಂದ ಬರಬೇಕು. ಸೋರಿದ ಗ್ಯಾಸ್ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದ ಕಿಂಡಿ ಅದಕ್ಕೂ ಬೇಕು. ಗೀಸರಿನ ಹೊಗೆಕೊಳವೆಯನ್ನು ಗಾಳಿ ಬರುವ ಕಿಂಡಿಯ ಪಕ್ಕದಲ್ಲೇ ಬಿಟ್ಟರೆ ಹೊರಹಾಕಿದ್ದೇ ಒಳಗೆ ಬರುತ್ತದೆ. ಪಡುವಣ ಗೋಡೆಯಲ್ಲಿ ಬಿಟ್ಟರೆ ಆಷಾಢದ ಗಾಳಿ ಹಿಂದಕ್ಕೆ ನೂಕುತ್ತದೆ, ಸಂದಿಗೆ ಬಿಟ್ಟರೆ ನೆರೆಮನೆಯ ಕಿಟಕಿ ಕಾದಿರುತ್ತದೆ. ಬೆಂಕಿಗೆ ಆಗ್ನೇಯವೇ ಮೂಲೆ ಎನ್ನುವ ವಾಸ್ತುಪಂಡಿತರಿಗೆ, ಈ ವಿಷ ದಿಕ್ಕು ನೋಡುವುದಿಲ್ಲ ಎಂಬುದಷ್ಟೇ ಉತ್ತರ.

ಎಕ್ಸಾಸ್ಟ್ ಫ್ಯಾನ್ ವಾದಿಗಳದು ಇನ್ನೂ ಸೂಕ್ಷ್ಮ ತರ್ಕ. ಆದರೆ ಬಾಗಿಲು ಬಿಗಿಯಾಗಿ ಹಾಕಿದ ಬಚ್ಚಲಲ್ಲಿ ಫ್ಯಾನಿಗೆ ಎಳೆಯಲು ಗಾಳಿ ಸಿಗದೆ, ಹೊಗೆಕೊಳವೆಯಿಂದ ಹೋಗುತ್ತಿದ್ದದ್ದನ್ನೇ ಅದು ಮರಳಿ ಒಳಗೆಳೆದೀತು. ಉಳಿದದ್ದು ಬನಿಯನ್ ಪಂಥ: ಮಾಗಿಯ ತಂಡಿಗೆ ಹೆದರಿ, ಕೆಳಗಿನ ಕಿಂಡಿಗೆ ಹರಿದ ಬನಿಯನ್ ಗಿಡಿಯುವವರು. ಇವರ ವಾದದಲ್ಲಿ ಹುರುಳಿದೆ, ತಂಡಿ ನಿಜವೇ. ಆದರೆ ತಂಡಿಯಾದರೆ ನೆಗಡಿ ಬಂದೀತು, ನೆಗಡಿಗೆ ಕಷಾಯವಿದೆ. ಆದ್ದರಿಂದ ಸಿದ್ಧಾಂತ: ಗೀಸರನ್ನೇ ಬಚ್ಚಲಿನ ಹೊರಗೆ, ಬಯಲ ಗೋಡೆಗೆ ತೂಗುಹಾಕಿ, ಒಳಗೆ ನೀರಿನ ಪೈಪು ಬಂದರೆ ಸಾಕು. ಉರಿ ಹಳದಿಗೆ ತಿರುಗಿದರೆ ಬಳಸುವುದನ್ನು ನಿಲ್ಲಿಸಿ, ರಿಪೇರಿಯವನನ್ನು ಕರೆಯಿರಿ. ಗೀಸರನ್ನು ಹೊರಗೆ ಸಾಗಿಸುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಒಳಗಿನ ಗಾಳಿ ಹೊರಹೋದ ಮೇಲೆ ಸ್ನಾನಕ್ಕೆ ಕೂಡಿರಿ.