ಅಂಬಲಿ ಪಾತ್ರೆಯ ಗಾತ್ರಮೀಮಾಂಸೆ

ಮನೆಮಟ್ಟಿಗೆ ಒಂದಿಷ್ಟು ಕುದಿಸಿ ಹುದುಗಿಸಿ ಕುಡಿಯುವವರಿಗೆ ಎಷ್ಟು ದೊಡ್ಡ ಪಾತ್ರೆ ಬೇಕು? ಈ ಪ್ರಶ್ನೆಯನ್ನು ಅಮೆರಿಕದವರು ಬಿಯರ್ ಮುಂದಿಟ್ಟುಕೊಂಡು ಚರ್ಚಿಸಿದ್ದಾರೆ. ಮನೆಬಳಕೆಗೆ ಬಿಯರ್ ಮಾಡಿಕೊಳ್ಳುವವರಿಗೆ ತೆರಿಗೆ ವಿನಾಯಿತಿ ಕೊಡುವ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಮೇಲೆ ಅಲ್ಲಿ ಈ ಶಾಸ್ತ್ರ ಹುಲುಸಾಗಿ ಬೆಳೆಯಿತು. ಕುಣಿಗಲ್ ತಾಲ್ಲೂಕಿನ ಅಮೃತೂರಿನಲ್ಲಿ ಅದೇ ಪ್ರಯೋಗಕ್ಕೆ ಕೈಹಾಕಿದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆ ಅದನ್ನು ಸಂಶೋಧನೆ ಎನ್ನುವುದಿಲ್ಲ, ಬೇರೆ ಹೆಸರಿಡುತ್ತದೆ. ಸಾರಾಯಿಯಂತೂ 2007ರ ಜುಲೈ 1ರಿಂದ ರಾಜ್ಯದಲ್ಲೇ ಬಂದ್. ಹಾಗಾಗಿ ಪ್ರಸ್ತುತ ಪ್ರಬಂಧವು ಅಬಕಾರಿ ಇನ್ಸ್‌ಪೆಕ್ಟರೂ ಜಗಲಿ ಮೇಲೆ ಕೂತು ಎರಡು ಲೋಟ ಕುಡಿದು ಹೋಗಬಹುದಾದ ಪಾನೀಯಕ್ಕೆ ಸೀಮಿತ: ರಾಗಿ ಅಂಬಲಿ.

ಮೊದಲು ಪೂರ್ವಸೂರಿಗಳ ಪರಾಮರ್ಶೆ. ರಾಗಿಯ ಬಗ್ಗೆ ಕನಕದಾಸರ ‘ರಾಮಧಾನ್ಯ ಚರಿತೆ’ಗಿಂತ ದೊಡ್ಡ ಪ್ರಮಾಣಗ್ರಂಥ ಕನ್ನಡದಲ್ಲಿಲ್ಲ. ಭತ್ತವೂ ರಾಗಿಯೂ ತಾನು ಹೆಚ್ಚು ತಾನು ಹೆಚ್ಚೆಂದು ಜಗಳಕ್ಕೆ ಬಿದ್ದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಗೆದ್ದು ಬರುತ್ತದೆ. ಆದರೆ ಗೆದ್ದ ರಾಗಿಯನ್ನು ಬೇಯಿಸಲು ಎಷ್ಟು ಸೇರು ಹಿಡಿಯುವ ಪಾತ್ರೆ ಬೇಕೆಂಬುದನ್ನು ಕಾವ್ಯ ತಿಳಿಸುವುದಿಲ್ಲ. ವಿದ್ವಾಂಸರು ಇಷ್ಟು ಶತಮಾನ ಈ ಲೋಪವನ್ನು ಸಹಿಸಿಕೊಂಡು ಬಂದಿರುವುದೇ ಸೋಜಿಗ.

ಹೊರನಾಡುಗಳ ಸಾಕ್ಷ್ಯವೂ ಗೊಂದಲದ್ದೇ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಸೀಮೆ. ಉಗಾಂಡದ ತೇಸೊ ಜನ ರಾಗಿಯಿಂದ ‘ಅಜೋನ್’ ಎಂಬ ಪಾನೀಯ ಮಾಡಿ, ನಡುವೆ ಒಂದೇ ಮಡಕೆ ಇಟ್ಟುಕೊಂಡು, ಸುತ್ತ ಕೂತು ಉದ್ದುದ್ದ ಕೊಳವೆಗಳಲ್ಲಿ ಹೀರುತ್ತಾರೆ. ಅಲ್ಲಿ ಪಾತ್ರೆಯ ಗಾತ್ರವನ್ನು ನಿರ್ಧರಿಸುವುದು ಕೊಳವೆಗಳ ಸಂಖ್ಯೆ. ಸಿಕ್ಕಿಮ್‌ನಲ್ಲಿ ಇದಕ್ಕೆ ತದ್ವಿರುದ್ಧ: ಹುದುಗಿದ ರಾಗಿಯನ್ನು ‘ತೊಂಗ್ಬಾ’ ಎಂಬ ಪಾತ್ರೆಗೆ ತುಂಬಿ, ಮೇಲೆ ಬಿಸಿನೀರು ಹೊಯ್ದು, ತಮ್ಮ ತಮ್ಮದನ್ನು ತಾವು ಹೀರುತ್ತಾರೆ. ಅಮೃತೂರಿನದು ಮಧ್ಯಮ ಮಾರ್ಗ. ಪಾತ್ರೆ ಒಂದೇ, ಲೋಟ ಬೇರೆ ಬೇರೆ, ಈರುಳ್ಳಿ ಯಾರು ಹೆಚ್ಚಬೇಕೆಂಬುದಷ್ಟೇ ವಿವಾದ.

ಇನ್ನು ಗಣಿತ. ಮೂವರಿಗೆ ಎರಡು ಲೀಟರ್ ಅಂಬಲಿ ಸಾಕು ಎಂದಿಟ್ಟುಕೊಳ್ಳೋಣ. 20 ಸೆಂಟಿಮೀಟರ್ ಅಗಲದ ನೇರ ಗೋಡೆಯ ಡಬರಿಯಲ್ಲಿ ಪ್ರತಿ ಸೆಂಟಿಮೀಟರ್ ಎತ್ತರಕ್ಕೆ 314 ಮಿಲಿಲೀಟರ್ ಹಿಡಿಯುತ್ತದೆ. ಎರಡು ಲೀಟರ್ ಹೊಯ್ದರೆ ಸುಮಾರು ಆರೂವರೆ ಸೆಂಟಿಮೀಟರ್‌ವರೆಗೆ ಬರುತ್ತದೆ. ಅದೇ ಅಂಬಲಿಯನ್ನು 30 ಸೆಂಟಿಮೀಟರ್ ಅಗಲದ ಪಾತ್ರೆಗೆ ಸುರಿದರೆ ಮೂರು ಸೆಂಟಿಮೀಟರೂ ಏರುವುದಿಲ್ಲ. ಆವಿ ಹೋಗುವುದು ಮೇಲ್ಮೈಯಿಂದ, ಅದು ಇಲ್ಲಿ ಎರಡೂಕಾಲು ಪಟ್ಟು ಹೆಚ್ಚು. ಪರಿಣಾಮವಾಗಿ ನೀರು ಬೇಗ ಇಂಗುತ್ತದೆ, ತೆಳುವಾಗಿ ಹರಡಿದ ಹಿಟ್ಟು ತಳ ಹಿಡಿಯುತ್ತದೆ, ಹೊತ್ತಿಗೆ ಸರಿಯಾಗಿ ತಿರುವದಿದ್ದರೆ ಗಂಟೂ ಕಟ್ಟುತ್ತದೆ. ಕುಡಿಯಲು ಇಟ್ಟದ್ದು ಮುದ್ದೆಯ ದಿಕ್ಕು ಹಿಡಿಯುತ್ತದೆ. ದೊಡ್ಡ ಪಾತ್ರೆಯಲ್ಲಿ ಸ್ವಲ್ಪ ಮಾಡಿದರೆ ಏನೂ ಆಗುವುದಿಲ್ಲ ಎಂಬ ಜನಪ್ರಿಯ ಸಿದ್ಧಾಂತ ಇಲ್ಲಿಗೆ ಸೀದುಹೋಯಿತು.

ಹಾಗೆಂದು ಎರಡು ಲೀಟರಿಗೆ ಎರಡೇ ಲೀಟರಿನ ಪಾತ್ರೆಯೂ ಸಲ್ಲದು. ಕುದಿಯುವ ರಾಗಿಹಿಟ್ಟಿನ ಗಂಜಿ ಗುಳ್ಳೆಗಳನ್ನು ಹಿಡಿದಿಟ್ಟುಕೊಂಡು ಉಕ್ಕುತ್ತದೆ. ಇದಕ್ಕೆ ಪರಿಹಾರ ಅಮೃತೂರಿನ ಸಮೀಪದಲ್ಲೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯದಲ್ಲಿ ಸ್ವಯಂಚಾಲಿತ ಸೈಫನ್‌ಗಳಿವೆ. ನೀರು ಗೊತ್ತಾದ ಮಟ್ಟ ಮುಟ್ಟಿದರೆ ಯಾರೂ ಗೇಟು ಎತ್ತಬೇಕಿಲ್ಲ, ಹೆಚ್ಚಾದದ್ದು ತಾನೇ ಹೊರಬೀಳುತ್ತದೆ. ಡಬರಿಗೆ ಈ ಸೌಕರ್ಯವಿಲ್ಲ. ಅಲ್ಲಿ ಹೆಚ್ಚಾದದ್ದು ಬೀಳುವುದು ಒಲೆಯ ಮೇಲೆ, ಉಜ್ಜಬೇಕಾದವಳು ಸೊಸೆ. ಆದ್ದರಿಂದ ಮೇಲೆ ಜಾಗ ಬಿಡಲೇಬೇಕು. ಅಮೆರಿಕದ ಮನೆಬಿಯರಿನವರೂ ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರಿಗೆ, ಎಂಟರಿಂದ ಹತ್ತು ಗ್ಯಾಲನ್ ಹಿಡಿಯುವ ಪಾತ್ರೆ ಹೇಳುತ್ತಾರೆ. ಇದೇ ಲೆಕ್ಕದಲ್ಲಿ ಎರಡು ಲೀಟರ್ ಅಂಬಲಿಗೆ ಸುಮಾರು ಮೂರೂಕಾಲಿನಿಂದ ನಾಲ್ಕು ಲೀಟರಿನ ಡಬರಿ ಎಂದು ಸಿದ್ಧವಾಗುತ್ತದೆ.

ಈ ಸಿದ್ಧಾಂತಕ್ಕೆ ಎದುರಾಗುವ ಪೂರ್ವಪಕ್ಷ ಒಂದೇ, ಅದು ಅತ್ತೆಯದು: ‘ನಾಕ್ ಜನ ನೆಂಟ್ರು ಬಂದ್ರೆ ಏನ್ ಮಾಡ್ತೀಯವ್ವ?’ ಶಾಸ್ತ್ರದಲ್ಲಿ ಇದನ್ನು ನೆಂಟಗುಣಾಂಕವೆಂದು ಕರೆಯಬಹುದು. ಹತ್ತು ಲೀಟರಿನ ಪಾತ್ರೆಗಳು ಮೂರು ಜನರ ಮನೆಯ ಅಟ್ಟ ಸೇರುವುದು ಈ ಗುಣಾಂಕದ ಬಲದಿಂದಲೇ. ಆದರೆ ನೆಂಟರು ಬಂದ ದಿನದ ಅಡುಗೆಯನ್ನು ಪರಿಶೀಲಿಸಿದರೆ ಕೋಳಿಸಾರು, ಒಬ್ಬಟ್ಟು, ಪಾಯಸ, ಕಾಫಿ ಸಿಗುತ್ತವೆ. ನೆಂಟರಿಗೆ ಅಂಬಲಿ ಕೊಟ್ಟರೆ ಊರಿಗೆ ಹೋಗಿ ಏನು ಹೇಳಿಯಾರು ಎಂದು ಹೆದರುವವರೂ ಅದೇ ಅತ್ತೆ. ಅಂದಮೇಲೆ ಅಂಬಲಿ ಪಾತ್ರೆಯ ಮಟ್ಟಿಗೆ ನೆಂಟಗುಣಾಂಕ ಸೊನ್ನೆ. ಗುಣಾಂಕಕ್ಕೆ ಮಣಿದು ಹೆಚ್ಚು ಮಾಡಿಟ್ಟದ್ದು ಮರುದಿನಕ್ಕೆ ಹುಳಿ ಏರಿ ಕಲಗಚ್ಚಿನ ಬಾನಿಗೆ ಹೋಗುತ್ತದೆ. ಎಮ್ಮೆಯ ಪಾಲನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವ ಮನೆಗಳಿಗೆ ಮಾತ್ರ ವಿನಾಯಿತಿ ಕೊಡಬಹುದು.

ಕುದಿಸಿದ ಪಾತ್ರೆಯಲ್ಲೇ ಹುಳಿ ಬರಲು ಬಿಡಬಹುದೇ? ಸ್ಟೀಲಾದರೆ ಬಿಡಬಹುದು. ಊರಿನವರು ಸಿಲ್ವರ್ ಎನ್ನುವ ಅಲ್ಯೂಮಿನಿಯಂ ಆದರೆ ಬೇಡ, ಹುಳಿ ಆ ಲೋಹವನ್ನು ತಿನ್ನುತ್ತದೆ. ಮಣ್ಣಿನ ಗಡಿಗೆ ಎಲ್ಲಕ್ಕಿಂತ ಮೇಲು. ಅದರ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುವಾಗ ಒಳಗಿನದು ತಣ್ಣಗಿರುತ್ತದೆ, ಹುಳಿ ತರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಬೇಸಗೆಯಲ್ಲೂ ಅವಸರಪಡುವುದಿಲ್ಲ. ಬೆಳಗ್ಗೆ ಮಜ್ಜಿಗೆ, ಉಪ್ಪು, ಹಸಿಮೆಣಸಿನಕಾಯಿ ಸೇರಲು ಗಡಿಗೆಯಲ್ಲೂ ನಾಲ್ಕು ಬೆರಳು ಜಾಗವಿರಲಿ.

ಇಷ್ಟು ಸಿದ್ಧತೆಯೊಂದಿಗೆ ಕುಣಿಗಲ್‌ನ ಪಾತ್ರೆ ಅಂಗಡಿಗೆ ಹೋಗಿ ನಾಲ್ಕು ಲೀಟರಿನ ಡಬರಿ ಕೊಡಿ ಎಂದು ಕೇಳುವ ಸಂಶೋಧಕನಿಗೆ ಕೊನೆಯ ತೊಡಕು ಎದುರಾಗುತ್ತದೆ. ಪಾತ್ರೆ ಮಾರುವುದು ತೂಕದ ಮೇಲೆ. ಅಂಗಡಿಯವರು ಡಬರಿಯನ್ನು ತಕ್ಕಡಿಗೆ ಇಟ್ಟು ಗ್ರಾಂ ಹೇಳುತ್ತಾರೆ, ಲೀಟರ್ ಹೇಳುವುದಿಲ್ಲ. ಹೀಗಾಗಿ ಹೋಗುವಾಗ ಒಂದು ಲೀಟರಿನ ನೀರಿನ ಬಾಟಲಿ ಜೊತೆಗಿರಬೇಕು. ಅಂಗಡಿಯವರ ಅನುಮತಿ ಪಡೆದು ನಾಲ್ಕು ಸಲ ತುಂಬಿ ಹೊಯ್ಯಬೇಕು, ಆಮೇಲೆ ಆ ನೀರನ್ನು ಎಲ್ಲಿ ಚೆಲ್ಲಬೇಕೆಂದು ಅವರನ್ನೇ ಕೇಳಬೇಕು.