ಕಾದಂಬರಿಯ ಲೆಕ್ಕ, ಆತ್ಮಕಥೆಯ ಕತೆ

ಹೈದರಾಬಾದಿನ ಅಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತ್ ಮೇಲೆ ಹಳೇ ಪುಸ್ತಕ ಹರಡುವವರು ಕಾದಂಬರಿ ಬೇರೆ, ಚರಿತ್ರೆ ಬೇರೆ ಎಂದು ವಿಂಗಡಿಸುವ ಗೋಜಿಗೆ ಅಷ್ಟಾಗಿ ಹೋಗುವುದಿಲ್ಲ. ಅದನ್ನು ಸೋಮಾರಿತನ ಎನ್ನಬೇಡಿ. ನನಗದು ಅಪ್ಪಟ ವಿಮರ್ಶೆ. ನಿಜಾಮರ ಚಾಕರಿಯಲ್ಲಿದ್ದ ಮೆಡೋಸ್ ಟೇಲರ್ ಸಾಹೇಬರನ್ನೇ ನೋಡಿ. 1839ರ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ. ಅದರ ಅಮೀರ್ ಅಲಿ ತನ್ನ ಕೊಲೆಗಳನ್ನು ಶಾನುಭೋಗರು ಕಂದಾಯದ ಲೆಕ್ಕ ಒಪ್ಪಿಸಿದಂತೆ ಒಪ್ಪಿಸುತ್ತಾನೆ. ಸಾಹೇಬರು ತೀರಿಕೊಂಡ ಮರುವರ್ಷ, 1877ರಲ್ಲಿ ಬಂದದ್ದು ಆತ್ಮಕಥೆ. ಅದರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರು ಇಪ್ಪತ್ತನಾಲ್ಕನೇ ವರ್ಷ ದಾಟುವುದಿಲ್ಲವೆಂದು ಜಾತಕ ಮೊದಲೇ ನುಡಿಯುತ್ತದೆ. 1858ರಲ್ಲಿ ಮರಣದಂಡನೆ ತಪ್ಪಿ, ಶಿಕ್ಷೆ ನಾಲ್ಕು ವರ್ಷಕ್ಕಿಳಿದು, ಓದುಗ ಉಸಿರು ಬಿಡುವಷ್ಟರಲ್ಲಿ ದಾರಿಯಲ್ಲಿ ರಿವಾಲ್ವರ್ ಸಿಡಿದು ಜಾತಕ ಗೆದ್ದುಬಿಡುತ್ತದೆ! ಇದನ್ನೇ ಕಾದಂಬರಿಯಲ್ಲಿಟ್ಟಿದ್ದರೆ ‘ಅತಿಯಾಯಿತು’ ಎಂದು ಮೂಗು ಮುರಿಯುತ್ತಿದ್ದೆವು. ಕಾದಂಬರಿಕಾರನಿಗೆ ತನ್ನನ್ನು ಯಾರೂ ನಂಬರೆಂಬ ಭಯ, ಆದ್ದರಿಂದ ಪುರಾವೆ ಒಟ್ಟುತ್ತಾನೆ. ಆತ್ಮಕಥೆಯವನಿಗೆ ಆ ಹಂಗಿಲ್ಲ.

ಹಾಗಾದರೆ ದಾಖಲೆಗೆ ಬೆಲೆಯಿಲ್ಲವೇ ಎಂದು ಇತಿಹಾಸದ ಮೇಷ್ಟ್ರು ಹುಬ್ಬೇರಿಸಬಹುದು. ಖಂಡಿತ ಇದೆ. ಕೋಠಿ ರೆಸಿಡೆನ್ಸಿಯ ಕರ್ಕ್‌ಪ್ಯಾಟ್ರಿಕ್ ಮತ್ತು ಖೈರುನ್ನೀಸಾ ಕುರಿತು ವಿಲಿಯಂ ಡಾಲ್ರಿಂಪಲ್ 2002ರಲ್ಲಿ ತಂದ ‘ವೈಟ್ ಮುಘಲ್ಸ್’ ಹಳೆಯ ಪತ್ರಗಳ ಮೇಲೆಯೇ ನಿಂತಿದೆ. ಆದರೆ ಅಷ್ಟು ದಪ್ಪ ಪುಸ್ತಕವನ್ನು ಓದುಗ ಕೊನೆಮುಟ್ಟಿಸುವುದು ಅವರಿಬ್ಬರ ಪ್ರೇಮ ಏನಾಯಿತೆಂದು ತಿಳಿಯಲಿಕ್ಕೇ ಹೊರತು ಅಡಿಟಿಪ್ಪಣಿ ಸರಿಯಿದೆಯೇ ಎಂದು ತಾಳೆ ನೋಡಲಿಕ್ಕಲ್ಲ. ಟೇಲರರ ಎರಡು ಪುಸ್ತಕಗಳಲ್ಲಿ ಒಂದಕ್ಕಷ್ಟೇ ಜೇಬಿನಲ್ಲಿ ಕಾಸಿದ್ದರೆ ಆತ್ಮಕಥೆಯನ್ನೇ ಕೊಳ್ಳಿ. ಕತೆ ಅದರಲ್ಲೇ ಚೆನ್ನಾಗಿದೆ.